ಪುಸ್ತಕವೋ, ನೆಟ್ಟೋ: ಆಪರೇಟಿಂಗ್ ಸಿಸ್ಟಂ ಕಲಿಕೆಯ ಐವತ್ತು ವರ್ಷ, ನಮ್ಮೆರಡು ತಾಲ್ಲೂಕಿನಿಂದ ಕಂಡಂತೆ

ಬಿಸಿಎ, ಡಿಪ್ಲೊಮಾ ಪರೀಕ್ಷೆಗಳು ಹತ್ತಿರ ಬಂದವೆಂದರೆ ನಂಜನಗೂಡು, ತಿ.ನರಸೀಪುರದ ಜೆರಾಕ್ಸ್ ಅಂಗಡಿಗಳಿಗೆ ಸುಗ್ಗಿ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಸೀನಿಯರ್‌ಗಳ ನೋಟ್ಸ್, ಯಾರೋ ಮೊಬೈಲಿನಲ್ಲಿ ತೆಗೆದ ಬೋರ್ಡಿನ ಫೋಟೊ ಎಲ್ಲವೂ ಒಂದೇ ಸ್ಪೈರಲ್ ಬೈಂಡಿಂಗಿನೊಳಗೆ ಸೇರುತ್ತವೆ. ಆಪರೇಟಿಂಗ್ ಸಿಸ್ಟಂ ಎಂಬ ವಿಷಯದ ಬಗ್ಗೆ ಈ ಮಕ್ಕಳನ್ನು ಮಾತಿಗೆಳೆದಾಗ ನಮಗೆ ಕೇಳಿಬರುವ ಪ್ರಶ್ನೆ ಒಂದೇ: ಪುಸ್ತಕ ತಗೊಂಡು ಓದಬೇಕಾ, ಯೂಟ್ಯೂಬ್ ನೋಡಿದರೆ ಸಾಕಾ?

ಕೇಳುವವರಲ್ಲಿ ಹೆಚ್ಚಿನವರು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಇಲ್ಲಿಂದ ಮೈಸೂರು ದೂರವೇನಲ್ಲ, ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಅಲ್ಲಿ ಇನ್ಫೊಸಿಸ್‌ನ ದೊಡ್ಡ ತರಬೇತಿ ಕೇಂದ್ರ 2005ರಿಂದ ಇದೆ. ದೇಶದ ಮೂಲೆಮೂಲೆಯಿಂದ ಮಕ್ಕಳು ಅಲ್ಲಿಗೆ ಬಂದು ಕಂಪ್ಯೂಟರ್ ಕಲಿತು ಹೋಗುತ್ತಾರೆ. ಪಕ್ಕದ ತಾಲ್ಲೂಕಿನ ಹುಡುಗ ಸಂದರ್ಶನದಲ್ಲಿ 'ಪ್ರೋಸೆಸ್ ಅಂದರೇನು' ಎಂಬಲ್ಲೇ ತಡವರಿಸುತ್ತಾನೆ. ವ್ಯಾಖ್ಯಾನ ಅವನಿಗೆ ಬಾಯಿಪಾಠ. ಎರಡನೇ ಪ್ರಶ್ನೆಗೆ ಉತ್ತರವಿಲ್ಲ. ಹಾಗಾಗಿ ಪುಸ್ತಕವೋ ನೆಟ್ಟೋ ಎಂಬುದನ್ನು ಹರಟೆಯ ವಿಷಯ ಎಂದು ತಳ್ಳಿಹಾಕಲು ನಮಗೆ ಮನಸ್ಸಾಗಲಿಲ್ಲ. ಹಿಂದಿನವರು ಇದನ್ನು ಹೇಗೆ ಕಲಿತರು ಎಂದು ಹುಡುಕುತ್ತಾ ಹೋದೆವು.

ಮೊದಲು ಓಎಸ್ ಅಂದರೇನು ಎಂಬುದನ್ನು ನಮ್ಮ ಭಾಷೆಯಲ್ಲಿ ಹೇಳಿಬಿಡೋಣ. ತಾಲ್ಲೂಕು ಕಚೇರಿಯಲ್ಲಿ ತಹಶೀಲ್ದಾರರ ಸಹಿ ಎಲ್ಲರಿಗೂ ಕಾಣುತ್ತದೆ. ಯಾವ ಕಡತ ಯಾವ ಮೇಜಿಗೆ, ಯಾರ ಸರದಿ ಮುಂದೆ, ಯಾವ ಬೀರುವಿನ ಕೀಲಿ ಯಾರ ಬಳಿ ಎಂದು ನೋಡಿಕೊಳ್ಳುವ ಶಿರಸ್ತೇದಾರರು ಕಾಣುವುದಿಲ್ಲ. ಅವರಿಲ್ಲದೆ ಒಂದು ಕಾಗದವೂ ಮಿಸುಕುವುದಿಲ್ಲ. ಕಂಪ್ಯೂಟರಿನಲ್ಲಿ ಆ ಕೆಲಸ ಓಎಸ್‌ನದು. ಮೆಮೊರಿ ಹಂಚುವುದು, ಪ್ರೋಗ್ರಾಂಗಳಿಗೆ ಸರದಿ ಕೊಡುವುದು, ಫೈಲುಗಳನ್ನು ಇಡುವುದು, ಯಾರಿಗೆ ಯಾವುದನ್ನು ಮುಟ್ಟುವ ಹಕ್ಕು ಎಂದು ಕಾಯುವುದು. ಇದರ ಮೇಲೆ ಕೆಲಸ ಮಾಡಲು ಕಲಿಯುವುದು ಒಂದು, ಇದನ್ನೇ ಕಲಿಯುವುದು ಇನ್ನೊಂದು. ಈ ಎರಡರ ಗೊಂದಲದಲ್ಲಿಯೇ ನಮ್ಮ ಕಡೆಯ ಅರ್ಧ ಇತಿಹಾಸ ನಡೆದಿದೆ.

ಕಂಪ್ಯೂಟರ್ ನಮ್ಮ ಊರುಗಳಿಗೆ ಮೊದಲು ಬಂದದ್ದು ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳ ಬೆನ್ನ ಮೇಲೆ. ಜೂನಿಯರ್, ಸೀನಿಯರ್ ಪರೀಕ್ಷೆಗೆ ಕಟಕಟ ಎನ್ನುತ್ತಿದ್ದ ಯಂತ್ರಗಳ ಪಕ್ಕದಲ್ಲಿ ತೊಂಬತ್ತರ ದಶಕದಲ್ಲಿ ಒಂದೆರಡು ಕಪ್ಪು ಪರದೆಗಳು ಬಂದು ಕೂತವು. ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿದ್ದ ಕಾಲ. ಒಂದು ಯಂತ್ರಕ್ಕೆ ಇಬ್ಬರು, ಒಂದು ಗಂಟೆ. ಉಳಿದ ಹೊತ್ತೆಲ್ಲಾ ನೋಟ್‌ಬುಕ್. ಎಂಎಸ್-ಡಾಸ್‌ನ ಡಿರ್, ಕಾಪಿ, ಡೆಲ್ ಆದೇಶಗಳನ್ನು ಮಗ್ಗಿಯ ಹಾಗೆ ಬರೆದುಕೊಂಡು ಉರುಹೊಡೆಯುತ್ತಿದ್ದರು. ಇಂಟರ್‌ನೆಟ್ ಭಾರತದ ಸಾರ್ವಜನಿಕರಿಗೆ ತೆರೆದದ್ದೇ 1995ರ ಆಗಸ್ಟ್ 15ರಂದು. ತಾಲ್ಲೂಕು ಕೇಂದ್ರಗಳಿಗೆ ಅದು ಬಂದು ಮುಟ್ಟಲು ಇನ್ನಷ್ಟು ವರ್ಷ ಹಿಡಿಯಿತು. ಅಂದರೆ ಆ ಪೀಳಿಗೆ ಕಲಿತದ್ದು ಪುಸ್ತಕದಿಂದಲೂ ಅಲ್ಲ, ನೆಟ್ಟಿನಿಂದಲೂ ಅಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದರಿಂದ.

ಮುಂದಿನದು ಭೂಮಿ. ಪಹಣಿಯನ್ನು ಕಂಪ್ಯೂಟರಿಗೆ ಏರಿಸುವ ಆ ಯೋಜನೆ 2000ದ ಆಸುಪಾಸಿನಲ್ಲಿ ರಾಜ್ಯದ 177 ತಾಲ್ಲೂಕುಗಳಿಗೂ ಹರಡಿತು. ಕೈಬರಹದ ಪಹಣಿ ಹೋಗಿ, ಹದಿನೈದು ರೂಪಾಯಿಗೆ ಮುದ್ರಿತ ಪ್ರತಿ ಬಂತು. ಕಂಪ್ಯೂಟರಿನ ಮುಂದೆ ಕೂರಿಸಲು ಹೊರಗಿನವರನ್ನು ತರಲಿಲ್ಲ. ಗ್ರಾಮ ಲೆಕ್ಕಿಗರನ್ನೇ, ಈಗಿನ ಮಾತಿನಲ್ಲಿ ಗ್ರಾಮ ಆಡಳಿತಾಧಿಕಾರಿಗಳನ್ನೇ, ಆಯ್ದು ತರಬೇತಿ ಕೊಟ್ಟರು. ಖಾತೆ, ಕಿರ್ದಿ ಬರೆಯುತ್ತಿದ್ದ ಕೈ ಮೌಸ್ ಹಿಡಿಯಿತು, ಬೆರಳಚ್ಚು ಒತ್ತಿ ಒಳಹೊಕ್ಕಿತು. ಆ ಕಲಿಕೆ ಯಶಸ್ವಿಯಾದದ್ದಕ್ಕೆ ಕಾರಣ ಸರಳ. ಕಲಿಯಬೇಕಾದದ್ದು ಎಷ್ಟು ಎಂಬುದು ಗೊತ್ತಿತ್ತು. ಒಂದು ತಂತ್ರಾಂಶ, ಅದರ ಇಂತಿಷ್ಟು ಪರದೆಗಳು. ಅದರ ಕೆಳಗಿರುವ ಓಎಸ್‌ಗೆ ಏನಾದರೂ ಆದರೆ ಬೇರೆಯವರು ಬರಬೇಕು. ಬಳಸಲು ಕಲಿಯುವುದಕ್ಕೆ ಪುಸ್ತಕ ಬೇಕಿಲ್ಲ, ನೆಟ್ಟೂ ಬೇಕಿಲ್ಲ, ಪಕ್ಕದಲ್ಲಿ ಕೂತು ತೋರಿಸುವವರೊಬ್ಬರು ಬೇಕು. ನಮ್ಮ ಸ್ಟ್ರಿಂಗರ್ ಬಳಗವೂ ನುಡಿಯಲ್ಲಿ ಸುದ್ದಿ ಕುಟ್ಟಿ ಕಳುಹಿಸುವುದನ್ನು ಕಲಿತದ್ದು ಹೀಗೇ, ಒಬ್ಬರಿಂದೊಬ್ಬರು.

ಒಳಗಿನದನ್ನು ಕಲಿಯುವ ಕಥೆ ಬೇರೆ. ಅದು ಶುರುವಾಗುವುದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಕೆನ್ ಥಾಂಪ್ಸನ್, ಡೆನಿಸ್ ರಿಚಿ 1969ರಲ್ಲಿ ಯುನಿಕ್ಸ್ ಎಂಬ ಓಎಸ್ ಕಟ್ಟತೊಡಗಿದರು. ಅದರ ಮೊದಲ ಕೈಪಿಡಿ 1971ರ ನವೆಂಬರ್ 3ರ ತಾರೀಖು ಹೊತ್ತು ಹೊರಬಂತು. ಒಂದೊಂದು ಆದೇಶಕ್ಕೂ ಒಂದೊಂದು ಪುಟ. ನಮಗೆ ಅದರಲ್ಲಿ ಇಷ್ಟವಾದದ್ದು 'ದೋಷಗಳು' ಎಂಬ ಒಂದು ಭಾಗ. ಈ ಆದೇಶ ಎಲ್ಲಿ ಕೈಕೊಡುತ್ತದೆ ಎಂದು ಮಾಡಿದವರೇ ಅಲ್ಲಿ ಬರೆದಿಡುತ್ತಿದ್ದರು. ಸರಕು ಮಾರುವವರು ಇಂಥದ್ದನ್ನು ಬರೆಯುವುದು ಅಪರೂಪ.

ಕೆಲವೇ ವರ್ಷಗಳಲ್ಲಿ ಅದೇ ಪುಟಗಳು ಯಂತ್ರದೊಳಗೂ ಸೇರಿದವು. 'ಮ್ಯಾನ್' ಎಂದು ಕುಟ್ಟಿ, ಮುಂದೆ ಆದೇಶದ ಹೆಸರು ಬರೆದರೆ ಪುಟ ಪರದೆಯ ಮೇಲೆ ಬರುತ್ತದೆ. ಇದನ್ನು ಆಗ 'ಆನ್‌ಲೈನ್ ಮ್ಯಾನ್ಯುಅಲ್' ಎಂದರು. ಆನ್‌ಲೈನ್ ಅಂದರೆ ಇಂಟರ್‌ನೆಟ್ ಎಂದು ಅರ್ಥವಲ್ಲ, ಯಂತ್ರದಲ್ಲೇ ಸಿಗುವಂಥದ್ದು ಎಂದು. ಲಿನಕ್ಸ್ ಹಾಕಿದ ಕಂಪ್ಯೂಟರುಗಳಲ್ಲಿ ಇಂದಿಗೂ ಆ ಆದೇಶ ಇದೆ. ಅದಕ್ಕೆ ಸಿಗ್ನಲ್ ಬೇಡ, ಡೇಟಾ ಬೇಡ. ಪುಸ್ತಕ ಮತ್ತು ಆನ್‌ಲೈನ್ ಎರಡು ಬೇರೆ ಬೇರೆ ಎಂದು ನಾವು ಜಗಳ ಕಾಯುತ್ತಿದ್ದೇವೆ, ಆದರೆ ಈ ವಿಷಯದಲ್ಲಿ ಅವು ಹುಟ್ಟಿನಿಂದಲೇ ಒಂದೇ ಮನೆಯವು.

ಜೆರಾಕ್ಸ್ ಅಂಗಡಿಯ ಕಥೆಗೂ ಇಲ್ಲೊಂದು ಪೂರ್ವಜನ್ಮ ಇದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮೇಷ್ಟ್ರು ಜಾನ್ ಲಯನ್ಸ್ 1976-77ರ ಸುಮಾರಿಗೆ ತಮ್ಮ ವಿದ್ಯಾರ್ಥಿಗಳಿಗೆಂದು ಎರಡು ಭಾಗಗಳ ಟಿಪ್ಪಣಿ ಸಿದ್ಧಪಡಿಸಿದರು. ಒಂದರಲ್ಲಿ ಯುನಿಕ್ಸ್ ಆರನೇ ಆವೃತ್ತಿಯ ತಿರುಳಿನ ಸುಮಾರು ಒಂಬತ್ತು ಸಾವಿರ ಸಾಲು ಕೋಡ್. ಇನ್ನೊಂದರಲ್ಲಿ ಆ ಸಾಲುಗಳಿಗೆ ವಿವರಣೆ. ಹಳಗನ್ನಡ ಕಾವ್ಯಕ್ಕೆ ಟೀಕೆ, ತಾತ್ಪರ್ಯ ಬರೆದಂತೆ. ಕಂಪನಿ ಮುಂದಿನ ಆವೃತ್ತಿಯ ಪರವಾನಗಿಯಲ್ಲಿ ಕೋಡನ್ನು ತರಗತಿಯಲ್ಲಿ ಪಾಠ ಮಾಡುವುದನ್ನೇ ನಿರ್ಬಂಧಿಸಿತು. ಟಿಪ್ಪಣಿ ಅಂಗಡಿಗೆ ಬರಲಿಲ್ಲ. ಆದರೆ ಪ್ರತಿಯ ಪ್ರತಿಯ ಪ್ರತಿ ತೆಗೆದು, ಅಕ್ಷರ ಮಾಸಿದರೂ ಬಿಡದೆ, ಜಗತ್ತಿನ ಒಂದು ಇಡೀ ಪೀಳಿಗೆ ಅದನ್ನು ಓದಿತು. ಬಹಿರಂಗವಾಗಿ ಅಚ್ಚಾದದ್ದು 1996ರಲ್ಲಿ.

ಪಾಠ ನಿಂತದ್ದಕ್ಕೆ ಪರಿಹಾರ ಹುಡುಕಿದವರು ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್. ಅವರು ಮಿನಿಕ್ಸ್ ಎಂಬ ಪುಟ್ಟ ಓಎಸ್ಸನ್ನು ತಾವೇ ಬರೆದು, ಅದನ್ನು ವಿವರಿಸುವ ಪುಸ್ತಕವನ್ನು 1987ರಲ್ಲಿ ತಂದರು. ಆ ಪುಸ್ತಕ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಕೈಗೆ ಸಿಕ್ಕಿತು. 1991ರ ಜುಲೈಯಲ್ಲಿ ಅವರು ಮಿನಿಕ್ಸ್ ಬಳಕೆದಾರರ ಜಾಲಗುಂಪಿನಲ್ಲಿ, ಯುನಿಕ್ಸ್ ಮಾದರಿಯ ನಿಯಮಗಳ ಪ್ರತಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಆಗಸ್ಟ್ 25ರಂದು ಅದೇ ಗುಂಪಿನಲ್ಲಿ ತಾವೊಂದು ಓಎಸ್ ಮಾಡುತ್ತಿರುವುದಾಗಿ ತಿಳಿಸಿದರು. ಅದೇ ಲಿನಕ್ಸ್. ಇಲ್ಲಿ ಗಮನಿಸಬೇಕಾದದ್ದು ಕ್ರಮ. ತಿಳಿವಳಿಕೆ ಕಟ್ಟಿಕೊಂಡದ್ದು ಪುಸ್ತಕದಿಂದ, ಎದುರಿಗೆ ಯಂತ್ರ ಇಟ್ಟುಕೊಂಡು. ಜಾಲಕ್ಕೆ ಹೋದದ್ದು ನಿರ್ದಿಷ್ಟ ಪ್ರಶ್ನೆಯೊಂದನ್ನು ಹಿಡಿದು. ಪ್ರಶ್ನೆ ಕೇಳುವಷ್ಟು ಗೊತ್ತಿದ್ದವರಿಗೆ ಜಾಲ ಉತ್ತರ ಕೊಟ್ಟಿತು.

ನಮ್ಮ ದೇಶಕ್ಕೆ ಲಿನಕ್ಸ್ ಬಂದದ್ದೂ ಕಾಗದದ ಜೊತೆಗೇ. 'ಪಿಸಿ ಕ್ವೆಸ್ಟ್' ಪತ್ರಿಕೆ 1996ರಲ್ಲಿ ಸಂಚಿಕೆಯೊಂದಿಗೆ ಲಿನಕ್ಸ್ ಸಿಡಿ ಕೊಟ್ಟಿತು. ಇಡೀ ಓಎಸ್ ಇಳಿಸಿಕೊಳ್ಳುವುದು ಆಗಿನ ಡಯಲ್-ಅಪ್ ಸಂಪರ್ಕದಲ್ಲಿ ಆಗದ ಮಾತು. ಸಿಡಿಯಲ್ಲಿ ಓಎಸ್, ಪುಟಗಳಲ್ಲಿ ಅದನ್ನು ಹಾಕುವ ಬಗೆ. 2003ರಿಂದ 'ಲಿನಕ್ಸ್ ಫಾರ್ ಯು' ಕೂಡ ಇದೇ ದಾರಿ ಹಿಡಿಯಿತು. ಬೆಂಗಳೂರಿನಲ್ಲಿ 2001ರಿಂದ ಲಿನಕ್ಸ್ ಸಮ್ಮೇಳನಗಳೇ ನಡೆದವು. ಇದೆಲ್ಲಾ ಇಂಗ್ಲಿಷಿನಲ್ಲಿ ಎಂದು ಬೇರೆ ಹೇಳಬೇಕಿಲ್ಲ.

ಕನ್ನಡದಲ್ಲಿ ಏನಿತ್ತು? ಕಡಿಮೆಯೇನೂ ಇರಲಿಲ್ಲ, ಆದರೆ ಬೇರೆಯದು ಇತ್ತು. ಯು.ಬಿ. ಪವನಜ 1996ರಲ್ಲಿ 'ವಿಶ್ವಕನ್ನಡ' ತಾಣ ತೆರೆದರು. ಶೇಷಾದ್ರಿವಾಸು 1998ರಲ್ಲಿ 'ಬರಹ' ಕೊಟ್ಟರು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇವಕ್ಕೆಲ್ಲಾ ಬುನಾದಿ. ಅಂದಿನ ಹೋರಾಟ ಕನ್ನಡ ಅಕ್ಷರ ಪರದೆಯ ಮೇಲೆ ಮೂಡಬೇಕು ಎಂಬುದಕ್ಕೆ. ಪರದೆಯ ಹಿಂದೆ ಏನು ನಡೆಯುತ್ತದೆ ಎಂದು ಕನ್ನಡದಲ್ಲಿ ಹೇಳುವ ಸರದಿ ಆಮೇಲೆ ಬಂತು. ಹರಿಪ್ರಸಾದ್ ನಾಡಿಗ್ 2005ರಲ್ಲಿ ಆರಂಭಿಸಿದ 'ಸಂಪದ'ದಂಥ ತಾಣಗಳಲ್ಲಿ ಲಿನಕ್ಸ್ ಚರ್ಚೆ ನಡೆಯಿತು. ಓಂಶಿವಪ್ರಕಾಶ್ 'ಲಿನಕ್ಸಾಯಣ' ಎಂಬ ಚೆಂದದ ಹೆಸರಿನಲ್ಲಿ ಬರೆದರು. ಟಿ.ಜಿ. ಶ್ರೀನಿಧಿ 2007ರಿಂದ 'ಇಜ್ಞಾನ' ನಡೆಸಿದರು, ಪುಸ್ತಕಗಳನ್ನೂ ಬರೆದರು. ಪವನಜರ 'ಗಣಕಿಂಡಿ' ಅಂಕಣ ಪತ್ರಿಕೆಯಲ್ಲಿ ಬಂತು. ಎಲ್ಲವೂ ಕೆಲವೇ ಜನರ ಸ್ವಂತ ಆಸಕ್ತಿಯಿಂದ ಆದದ್ದು. ಅವರ ಋಣ ದೊಡ್ಡದು.

ಆದರೂ ಈ ಬರಹಗಳಿಂದ ಒಬ್ಬ ಹುಡುಗಿ ಓಎಸ್ ವಿಷಯವನ್ನು ಮೊದಲಿಂದ ಕೊನೆಯವರೆಗೆ ಕಲಿಯಬಹುದೇ ಎಂದರೆ ಆಗದು. ಅಂಕಣ, ಬ್ಲಾಗ್‌ಗಳ ಗುಣವೇ ಹಾಗೆ. ಇವತ್ತಿಗೆ ಬೇಕಾದದ್ದನ್ನು ಇವತ್ತು ಹೇಳುತ್ತವೆ. ಅದರ ಮೇಲೆ ಇನ್ನೊಂದು ತೊಂದರೆ. ಯುನಿಕೋಡ್ ಬಳಕೆಗೆ ಬರುವ ಮುಂಚಿನ ಕನ್ನಡ ಪುಟಗಳು ಒಂದೊಂದು ಫಾಂಟನ್ನು ನೆಚ್ಚಿಕೊಂಡಿದ್ದವು. ಫಾಂಟ್ ಹೋದರೆ ಪುಟ ಕಲಸುಮೇಲೋಗರ. ಹಳೆಯ ನುಡಿ ಕಡತ ತೆರೆದು ನೋಡಿದ ಯಾವ ಸ್ಟ್ರಿಂಗರನನ್ನು ಕೇಳಿದರೂ ಇದನ್ನು ಹೇಳುತ್ತಾನೆ. ಕೆಲವು ತಾಣಗಳು ಬಾಡಿಗೆ ಕಟ್ಟುವವರಿಲ್ಲದೆ ಮುಚ್ಚಿದವು. ಇಪ್ಪತ್ತು ವರ್ಷದ ಹಿಂದಿನ ಕನ್ನಡ ಪುಸ್ತಕ ಗ್ರಂಥಾಲಯದ ಮೂಲೆಯಲ್ಲಿ ಧೂಳು ಹಿಡಿದಾದರೂ ಕೂತಿರುತ್ತದೆ. ಅಷ್ಟೇ ಹಳೆಯ ಜಾಲಪುಟ ಸಿಕ್ಕರೆ ಪುಣ್ಯ. ಕಪಿಲೆ ಉಕ್ಕಿದರೆ ಪುಸ್ತಕವೂ ನೆನೆಯುತ್ತದೆ ಎನ್ನುವವರಿಗೆ ನಮ್ಮ ತಕರಾರಿಲ್ಲ.

ಸರ್ಕಾರಿ ಶಾಲೆಗಳ ಕಡೆ ನೋಡೋಣ. ಇತಿಹಾಸ ನಮ್ಮನ್ನು ನಿಜವಾಗಿ ಕಲಕಿದ್ದು ಇಲ್ಲಿ. ಕರ್ನಾಟಕ 2001ರ ಹೊತ್ತಿಗೆ 'ಮಾಹಿತಿ ಸಿಂಧು' ಯೋಜನೆಯಲ್ಲಿ ಸಾವಿರ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಡಲು ಹೊರಟಿತು. ಯಂತ್ರ ಕೂರಿಸುವುದು, ಕಲಿಸುವವರನ್ನು ಕಳುಹಿಸುವುದು ಎರಡೂ ಖಾಸಗಿ ಕಂಪನಿಗಳ ಗುತ್ತಿಗೆ. ಗುತ್ತಿಗೆ ಮುಗಿದಾಗ ಕಲಿಸುವವರೂ ಹೊರಟರು. ಶಾಲೆಯ ಖಾಯಂ ಮೇಷ್ಟ್ರಿಗೆ ಅದು ತಮ್ಮ ವಿಷಯ ಅನ್ನಿಸಲೇ ಇಲ್ಲ. ಆ ಮೇಲಿನ ವರ್ಷಗಳಲ್ಲಿ ಮೇಷ್ಟ್ರುಗಳಿಗೇ ಉಬುಂಟು ಮೇಲೆ ತರಬೇತಿ ಕೊಡುವ ಕೆಲಸ ನಡೆಯಿತು, ಅದು ಒಳ್ಳೆಯದೇ. ಆದರೆ ಮಕ್ಕಳ ಚೀಲದೊಳಗೆ ಕಂಪ್ಯೂಟರಿನ ಕನ್ನಡ ಪುಸ್ತಕ ಸೇರಲಿಲ್ಲ.

ಅದೇ 2001ರಲ್ಲಿ ಕೇರಳ 'ಐಟಿ@ಸ್ಕೂಲ್' ಆರಂಭಿಸಿತು. ನಂಜನಗೂಡಿನಿಂದ ಹೊರಟು ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹಾದರೆ ವಯನಾಡು, ಅಷ್ಟೇ ದೂರ. ಅಲ್ಲಿ ಶಾಲೆಯ ಮೇಷ್ಟ್ರುಗಳಿಗೇ ತರಬೇತಿ ಕೊಟ್ಟರು. ಕೆಲವು ವರ್ಷಗಳಲ್ಲಿ ಶಾಲೆಯ ಕಂಪ್ಯೂಟರುಗಳನ್ನು ಗ್ನು/ಲಿನಕ್ಸ್‌ಗೆ ಬದಲಿಸಿದರು. ಪರವಾನಗಿ ಶುಲ್ಕ ಉಳಿಯಿತು ಎಂಬುದು ಒಂದು. ನಮಗೆ ಮುಖ್ಯವಾದದ್ದು ಇನ್ನೊಂದು. ಅದಕ್ಕೆ ತಕ್ಕ ಪಠ್ಯಪುಸ್ತಕ ಅಚ್ಚು ಹಾಕಿ ಮಕ್ಕಳ ಕೈಗೆ ಕೊಟ್ಟರು, ವಿಷಯವನ್ನು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೂ ಸೇರಿಸಿದರು. ಪುಸ್ತಕದಲ್ಲಿ ತೋರಿಸಿದ ಪರದೆಯೇ ಮಗುವಿನ ಎದುರಿನ ಯಂತ್ರದಲ್ಲೂ ಇರುತ್ತದೆ. ಮನೆಯ ಕಂಪ್ಯೂಟರಿಗೂ ಅದೇ ಓಎಸ್ಸನ್ನು ಕಾಸು ಕೊಡದೆ ಹಾಕಿಕೊಳ್ಳಬಹುದು.

ಕೇರಳದಲ್ಲಿ ಕಾಸರಗೋಡೂ ಇದೆಯಲ್ಲ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಈ ಪುಸ್ತಕಗಳು ಕನ್ನಡದಲ್ಲೂ ಬರುತ್ತವೆ. ಲಿನಕ್ಸ್ ಪರದೆಯನ್ನು ಎದುರಿಗಿಟ್ಟುಕೊಂಡು ಕಲಿಯಲು ಕನ್ನಡದಲ್ಲಿ ಅಚ್ಚಾದ ಸರ್ಕಾರಿ ಪಠ್ಯಪುಸ್ತಕ ಇರುವುದು ಕೇರಳದಲ್ಲಿ! ಕುಂಬಳೆಯ, ಮಂಜೇಶ್ವರದ ಹುಡುಗನಿಗೆ ಸಿಗುವುದು ಸುತ್ತೂರಿನ, ತಲಕಾಡಿನ ಹುಡುಗನಿಗೆ ಸಿಗುವುದಿಲ್ಲ. ಗಡಿಯಲ್ಲಿ ಕನ್ನಡ ಉಳಿಸಬೇಕು ಎಂದು ಭಾಷಣದ ವರದಿ ಬರೆದು ಬರೆದು ನಮ್ಮ ಕೈ ಸವೆದಿದೆ. ಈ ಒಂದು ವಿಷಯದಲ್ಲಿ ಗಡಿಯ ಆಚೆಯಿಂದ ಈಚೆಗೆ ಕನ್ನಡ ತರಬೇಕಾಗಿದೆ.

ಅವು ಶಾಲಾ ಪುಸ್ತಕಗಳು, ಓಎಸ್‌ನ ತಿರುಳಿಗೆ ಇಳಿಯುವಂಥವಲ್ಲ ಎಂಬುದು ನಿಜ. ಆದರೆ ಫೈಲ್, ಫೋಲ್ಡರ್‌ಗೆ ಕನ್ನಡದ ವಾಕ್ಯದಲ್ಲಿ ಒಮ್ಮೆ ಜಾಗ ಸಿಕ್ಕಿದ ಮಗು ಮುಂದೆ ಇಂಗ್ಲಿಷ್ ಪುಸ್ತಕ ಕಂಡು ಹೆದರುವುದಿಲ್ಲ. ನಮ್ಮವರಿಗೆ ಆ ಮೆಟ್ಟಿಲೇ ಇಲ್ಲ. ನೇರವಾಗಿ ಬಿಸಿಎ ತರಗತಿಯಲ್ಲಿ ಡೈನೊಸಾರ್ ಚಿತ್ರದ ಮುಖಪುಟದ ದಪ್ಪ ಪುಸ್ತಕ ಎದುರಾಗುತ್ತದೆ. ಸಿಲ್ಬರ್‌ಶಾಟ್ಜ್ ಮತ್ತು ಸಂಗಡಿಗರ ಆ ಪುಸ್ತಕ 1983ರಿಂದ ಚಾಲ್ತಿಯಲ್ಲಿದೆ, ಒಳ್ಳೆಯ ಪುಸ್ತಕವೇ. ಮಕ್ಕಳು ಮಾತ್ರ ಅದರ ಬದಲು ಸ್ಪೈರಲ್ ಬೈಂಡಿಂಗಿಗೆ ಹೋಗುತ್ತಾರೆ. ಸೋಮಾರಿತನ ಎಂದು ಬೈಯುವವರು ಈ ಇತಿಹಾಸವನ್ನೂ ಒಮ್ಮೆ ನೋಡಲಿ. ವಿಜ್ಞಾನವನ್ನು ಕನ್ನಡದಲ್ಲಿ ಹೇಳುವುದು ಹಳೇ ಮೈಸೂರಿಗೆ ಹೊಸತಲ್ಲ. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದದ್ದು 1918ರಲ್ಲಿ.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಸೈಬರ್ ಕೆಫೆಗಳು ಒಂದೊಂದಾಗಿ ಬಾಗಿಲು ಹಾಕಿದವು. ನೆಟ್ ಅಗ್ಗವಾಯಿತು, ಆದರೆ ಕಂಪ್ಯೂಟರ್ ಅಗ್ಗವಾಗಲಿಲ್ಲ. ಈಗ ಓಎಸ್ ಪಾಠವನ್ನು ಕಂಪ್ಯೂಟರಿಲ್ಲದೆ ಮೊಬೈಲಿನಲ್ಲಿ ನೋಡುವ ವಿಚಿತ್ರ ಸ್ಥಿತಿ. ಕೆರೆಯ ದಂಡೆಯಲ್ಲಿ ಕೂತು ಈಜಿನ ವಿಡಿಯೊ ನೋಡಿದ ಹಾಗೆ. ನೋಡುತ್ತಿರುವಾಗ ಎಲ್ಲಾ ತಿಳಿದಂತೆ ಇರುತ್ತದೆ. ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್'ನವರು ಈ ಅಪಾಯ ಅರಿತೇ ತಮ್ಮ ಪಾಠಗಳನ್ನು ಮಾಡಿದ್ದಾರೆ. ಸುಮಾರು ಹತ್ತು ನಿಮಿಷದ ತುಣುಕು, ನೋಡುತ್ತಾ ನಿಲ್ಲಿಸಿ ಪಕ್ಕದಲ್ಲೇ ಮಾಡಬೇಕು. ಲಿನಕ್ಸ್ ಪಾಠಗಳು ಅದರಲ್ಲಿ ಕನ್ನಡದ ಧ್ವನಿಯಲ್ಲೂ ಇವೆ. ನೆಟ್ಟಿನಲ್ಲಿ ಕನ್ನಡದಲ್ಲಿ ನಾವು ಕಂಡವುಗಳಲ್ಲಿ ಕ್ರಮಬದ್ಧವಾದದ್ದು ಇದೇ.

ಹಾಗಾದರೆ ನಮ್ಮ ಅಭಿಪ್ರಾಯ? ಓಎಸ್ ಅರ್ಥವಾಗಬೇಕಿದ್ದರೆ ಪುಸ್ತಕವೇ ಮೇಲು. ಮೆಮೊರಿ ಹಂಚಿಕೆ ತಿಳಿಯದೆ ಪ್ರೋಸೆಸ್ ತಿಳಿಯದು, ಪ್ರೋಸೆಸ್ ತಿಳಿಯದೆ ಸರದಿಯ ಲೆಕ್ಕ ತಿಳಿಯದು. ಒಂದರ ಮೇಲೊಂದು ಕೂರುವ ವಿಷಯಕ್ಕೆ ಒಬ್ಬರೇ ಕೂತು ಮೊದಲಿನಿಂದ ಬರೆದದ್ದು ಬೇಕು. ನೆಟ್ಟಿನಲ್ಲಿ ಸಿಗುವುದು ಬಹುಪಾಲು ಬೇರೆ ಯಾರದೋ ಪ್ರಶ್ನೆಗೆ ಬೇರೆ ಯಾರೋ ಕೊಟ್ಟ ಉತ್ತರ. ಪ್ರಿಂಟರ್ ಕೂತಾಗ, ವೈಫೈ ಹೋದಾಗ ಅದೇ ದೇವರು, ಆಗ ಪುಸ್ತಕ ತೆರೆಯುವವನು ಪೆದ್ದ. ಆವೃತ್ತಿ ಬದಲಾದರೆ ಪುಸ್ತಕದ ಚಿತ್ರಗಳು ಹಳತಾಗುತ್ತವೆ ಎಂಬುದೂ ಸರಿ. ತಿರುಳು ಅಷ್ಟು ಬೇಗ ಹಳತಾಗುವುದಿಲ್ಲ. ಅಮೆರಿಕದ ಎಂಐಟಿ 2006ರಲ್ಲಿ ವಿದ್ಯಾರ್ಥಿಗಳಿಗಾಗಿ 'ಎಕ್ಸ್‌ವಿ6' ಎಂಬ ಪುಟ್ಟ ಓಎಸ್ ಬರೆದಾಗ ಮಾದರಿಯಾಗಿ ಇಟ್ಟುಕೊಂಡದ್ದು ಲಯನ್ಸ್ ಮೇಷ್ಟ್ರು ಟೀಕೆ ಬರೆದ ಅದೇ ಆರನೇ ಆವೃತ್ತಿಯನ್ನು, ಮೂವತ್ತು ವರ್ಷದ ಹಿಂದಿನದನ್ನು.

ಎಕ್ಸ್‌ವಿ6ರ ಕೋಡ್, ಅದರ ವಿವರಣೆಯ ಪುಸ್ತಕ ಎರಡೂ ಜಾಲದಲ್ಲಿ ಉಚಿತ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅರ್ಪಾಚಿ-ಡ್ಯೂಸೊ ದಂಪತಿ ಬರೆದ 'ಆಪರೇಟಿಂಗ್ ಸಿಸ್ಟಮ್ಸ್: ತ್ರೀ ಈಸಿ ಪೀಸಸ್' ಕೂಡ ಅಧ್ಯಾಯ ಅಧ್ಯಾಯವಾಗಿ ಉಚಿತವಾಗಿ ಸಿಗುತ್ತದೆ. ಅದರ ಇಂಗ್ಲಿಷ್ ಮಾತನಾಡುವ ಧಾಟಿಯದು, ಡೈನೊಸಾರ್ ಪುಸ್ತಕಕ್ಕಿಂತ ಹಗುರ. ನೆಟ್ಟಿನಲ್ಲಿರುವ ಅತ್ಯುತ್ತಮ ಸಾಮಗ್ರಿಯೇ ಪುಸ್ತಕಗಳು.

ಕಂಪ್ಯೂಟರ್ ಇಲ್ಲದವರು ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಲಿನಕ್ಸ್ ತಿರುಳೇ ಎಂಬುದನ್ನು ನೆನಪಿಡಬಹುದು. 'ಟರ್ಮಕ್ಸ್' ಎಂಬ ಆ್ಯಪ್ ಹಾಕಿಕೊಂಡರೆ ಫೋನಿನಲ್ಲೇ ಆದೇಶ ಕುಟ್ಟಿ ನೋಡಬಹುದು, 'ಮ್ಯಾನ್' ಪುಟಗಳನ್ನೂ ಸೇರಿಸಿಕೊಳ್ಳಬಹುದು. ಕಣ್ಣಿಗೆ ಕಷ್ಟ, ಬೆರಳಿಗೆ ಇನ್ನೂ ಕಷ್ಟ. ಆದರೂ ವಿಡಿಯೊ ನೋಡಿ ತಲೆದೂಗುವುದಕ್ಕಿಂತ ವಾಸಿ.

ಕೇರಳದ ಆ ಕನ್ನಡ ಪಠ್ಯಪುಸ್ತಕಗಳೂ ಅಲ್ಲಿನ ಶಿಕ್ಷಣ ಇಲಾಖೆಯ ಜಾಲತಾಣಗಳಲ್ಲಿ ಪಿಡಿಎಫ್ ರೂಪದಲ್ಲಿವೆ. ಎಂಟನೇ ತರಗತಿಯದರಿಂದ ಹಿಡಿಯಿರಿ ಎಂದು ಕೇಳಿದವರಿಗೆಲ್ಲಾ ನಾವು ಹೇಳುತ್ತಿದ್ದೇವೆ. ಬಿಸಿಎ ಓದುವವರಿಗೆ ಎಂಟನೇ ತರಗತಿ ಪುಸ್ತಕವಾ ಎಂದು ನಗುವವರೂ ಇದ್ದಾರೆ. ನಗಲಿ. ಎರಡು ವಾರದಲ್ಲಿ ಮುಗಿಯುತ್ತದೆ. ಆಮೇಲೆ 'ತ್ರೀ ಈಸಿ ಪೀಸಸ್'ನ ಪ್ರೋಸೆಸ್ ಅಧ್ಯಾಯವನ್ನು ಅದೇ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಾ ಓದಬಹುದು.